ಒಂದು ಸ್ಟಾರಿನ ಅಂಗಡಿ

ನಮ್ಮ ಚಿಕ್ಕಪ್ಪ ಯಾರನ್ನೇ ಕಂಡರೂ ಮೊದಲು ಮುಖ ನೋಡುವುದಿಲ್ಲ, ಕೈಯಲ್ಲಿರುವ ಬ್ಯಾಗು ನೋಡುತ್ತಾನೆ. ನನ್ನ ಅಕ್ಕ ತಾನು ಮೆಚ್ಚಿದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ ನಾವೆಲ್ಲ ಅವನ ಓದು, ಕೆಲಸ, ಎತ್ತರ ಅಂತ ತಲೆ ಕೆಡಿಸಿಕೊಂಡಿದ್ದೆವು. ಹುಡುಗ ಹೋದ ಮೇಲೆ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಅವನ ಬ್ಯಾಗಿನ ಜಿಪ್ಪು ಒಂದು ಕಡೆ ಬಾಯಿ ಬಿಟ್ಟಿದೆ. ಆದ್ರೂ ಎಳೆದಾಡಲಿಲ್ಲ, ನಿಧಾನಕ್ಕೆ ಮುಚ್ಚಿದ. ಒಳ್ಳೆಯವನು." ಮದುವೆಯಾಯಿತು. ಜಿಪ್ಪನ್ನು ಚಿಕ್ಕಪ್ಪ ಪುಕ್ಕಟೆ ಸರಿಮಾಡಿಕೊಟ್ಟ. ಎರಡೂ ಇವತ್ತಿನವರೆಗೆ ಚೆನ್ನಾಗಿಯೇ ನಡೆಯುತ್ತಿವೆ.

ಅವನದು ಬ್ಯಾಗು ರಿಪೇರಿಯ ಅಂಗಡಿ. ಪಟ್ಟಿ ಕಿತ್ತ ಶಾಲೆಯ ಬ್ಯಾಗು, ಚಕ್ರ ಕಳಚಿದ ಸೂಟ್‌ಕೇಸು, ಹಿಡಿ ಒಳಗೇ ಸಿಕ್ಕಿಕೊಂಡು ಮೇಲೆ ಬರಲೊಲ್ಲದ ಟ್ರಾಲಿ, ಎಲ್ಲಕ್ಕೂ ಅವನೇ. ಬಸ್ ನಿಲ್ದಾಣದ ಎದುರಿನ ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಜಾಗ. ಅಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಬಗ್ಗುವ ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ ಚಿಕ್ಕಪ್ಪ ಇಂದಿಗೂ ಎದ್ದು ನಿಲ್ಲುವಾಗ ತಲೆ ತಗ್ಗಿಸುತ್ತಾನೆ, ಮೇಲೆ ಬರೀ ಆಕಾಶವಿದ್ದರೂ ಕೂಡ.

ಬ್ಯಾಗು ತೆಗೆದುಕೊಳ್ಳುವಾಗ ಅವನದೊಂದು ಕ್ರಮವಿದೆ. ಗಿರಾಕಿಯ ಎದುರಿಗೇ ಎಲ್ಲ ಖಾನೆಗಳನ್ನೂ ಬೋರಲು ಹಾಕಿಸುತ್ತಾನೆ. ಹಳೆಯ ಬಸ್ ಟಿಕೆಟು, ಹೇರ್‌ಪಿನ್ನು, ಯಾವಾಗಲೋ ಕಳೆದುಹೋಯಿತೆಂದು ಮನೆಯವರನ್ನೆಲ್ಲ ಬೈದಿದ್ದ ಬೀಗದ ಕೈ, ಏನು ಬಿದ್ದರೂ ಅವರ ಕೈಗೇ ಕೊಟ್ಟು, ಆಮೇಲೆ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾನೆ. ದಬ್ಬಳಕ್ಕೆ ಮೇಣ ಹಚ್ಚಿದ ದಾರ ಪೋಣಿಸಿ ಕೂತನೆಂದರೆ ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆದರೂ ತಲೆ ಎತ್ತುತ್ತಿರಲಿಲ್ಲ.

ಆ ಕಟ್ಟಡ ಕೆಡವಿದರು. ಚಿಕ್ಕಪ್ಪನಿಗೆ ಸಿಕ್ಕಿದ್ದು ಹಿಂದಿನ ಗಲ್ಲಿಯಲ್ಲಿ ನೀಲಿ ಬಾಗಿಲಿನ ಒಂದು ಕೋಣೆ. ಮುಖ್ಯರಸ್ತೆಯಿಂದ ಮೂರು ತಿರುವು, ಒಂದಕ್ಕಿಂತ ಒಂದು ಇಕ್ಕಟ್ಟು. ಗಿರಾಕಿಗಳು ಹಳೆಯ ಜಾಗದಲ್ಲಿ ತಗಡಿನ ಬೇಲಿ ನೋಡಿ, ಪಾಪ ಮುಚ್ಚಿಬಿಟ್ಟಿದ್ದಾನೆ ಅಂದುಕೊಂಡು ಹೊಸ ಬ್ಯಾಗು ಕೊಳ್ಳಲು ಹೋದರು. ಚಿಕ್ಕಪ್ಪ ಹೊಸ ಕೋಣೆಯಲ್ಲಿ ಇಕ್ಕಳಗಳನ್ನು ಒರೆಸಿ ಸಾಲಾಗಿ ಜೋಡಿಸುವುದು, ಮತ್ತೆ ಒರೆಸುವುದು, ಇದನ್ನೇ ಮಾಡಿಕೊಂಡು ಕೂತ.

ಆಗಲೇ ದೊಡ್ಡ ಬ್ಯಾಗ್ ಷೋರೂಮಿನ ಮಾಲೀಕ ಹೇಳಿಕಳಿಸಿದ್ದು. ಫ್ಯಾನಿನ ಕೆಳಗೆ ಕುರ್ಚಿ, ತಿಂಗಳ ಸಂಬಳ. ಕೆಲಸ ಏನಪ್ಪಾ ಅಂದರೆ, ಹಳೆಯ ಬ್ಯಾಗು ಹಿಡಿದು ಬಂದವರಿಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ರಿಪೇರಿ ಆಗಲ್ಲ" ಎಂದು ಹೇಳುವುದು. ಉಳಿದದ್ದನ್ನು ಒಳಗಿನ ಹುಡುಗಿಯರು ನೋಡಿಕೊಳ್ಳುತ್ತಾರೆ, ಹೊಸ ಬ್ಯಾಗು ತೋರಿಸಿ. ಚಿಕ್ಕಪ್ಪನ ಬಾಯಿಂದ ಬಂದರೆ ಜನ ನಂಬುತ್ತಾರಂತೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು.

ಚಿಕ್ಕಮ್ಮನಿಗೆ ಕುಣಿದಾಡುವಷ್ಟು ಖುಷಿ. "ಕೂತು ಆಗಲ್ಲ ಅನ್ನೋಕೆ ಏನು ಕಷ್ಟ? ಮನೆಯಲ್ಲಿ ಯಾವ ಕೆಲಸ ಹೇಳಿದ್ರೂ ಅದನ್ನೇ ತಾನೇ ನೀವು ಅನ್ನೋದು" ಎಂದಳು. ಚಿಕ್ಕಪ್ಪ ನಕ್ಕ. ಆದರೆ ಆ ರಾತ್ರಿ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದ. ಅಪ್ಪ ಹೋದಮೇಲೆ ನನ್ನ ಶಾಲೆಯ ಬ್ಯಾಗು ಐದು ವರ್ಷ ಹೊಸದರಂತೆಯೇ ಇದ್ದದ್ದು ಈ ಮನುಷ್ಯನಿಂದ. ಅವನು ದಿನವಿಡೀ ಕೂತು ಸುಳ್ಳು ಹೇಳುವುದನ್ನು ನಾನು ನೋಡಲಾರೆ.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು. ಕ್ಲಿನಿಕ್ಕಿನ ಪೇಜು, ವೆಬ್‌ಸೈಟು ನೋಡಿಕೊಳ್ಳುವವಳೂ ನಾನೇ. "ಇರು, ನಿನ್ನ ಅಂಗಡೀನ ಇಡೀ ಊರಿಗೆ ತೋರಿಸ್ತೀನಿ" ಎಂದು ಸೆರಗು ಸಿಕ್ಕಿಸಿದೆ. ಒಂದು ಪುಟದ ವೆಬ್‌ಸೈಟು ಮಾಡಿದೆ. ಫೇಸ್‌ಬುಕ್ಕಿನಲ್ಲಿ ಪೇಜು ತೆರೆದೆ. ಫೋಟೋ ತೆಗೆಯಲು ಹೋದರೆ ಚಿಕ್ಕಪ್ಪ ಗಿರಾಕಿಗಳ ಬ್ಯಾಗಿಗೆ ಅಡ್ಡ ನಿಂತ.

"ಒಬ್ಬರ ಬ್ಯಾಗಿನ ಒಳಗೆ ಅವರ ಮನೇನೇ ಇರುತ್ತೆ ಪುಟ್ಟಿ. ಕೇಳದೆ ತೋರಿಸಬಾರದು."

"ಮತ್ತೆ ನಾನೇನು ಇಕ್ಕಳದ ಫೋಟೋ ಹಾಕಲಾ?"

"ಹಾಕು. ಚೆನ್ನಾಗಿದೆ ಇಕ್ಕಳ."

ಇಕ್ಕಳದ ಫೋಟೋಗೆ ಹತ್ತು ಹನ್ನೆರಡು ಲೈಕು ಬಂತು, ಎಲ್ಲ ನೆಂಟರದ್ದೇ. ಚಿಕ್ಕಮ್ಮನದ್ದು ಮಾತ್ರ ಎಷ್ಟು ನೋಡಿದರೂ ಕಾಣಿಸದು. ವಿಚಾರಿಸಿದರೆ, ಒಂದು ಸಲ ಒತ್ತಿದರೆ ಸಾಲದೇನೋ ಎಂದು ಅವಳು ಪ್ರತಿ ಫೋಟೋಗೂ ಎರಡೆರಡು ಸಲ ಒತ್ತುತ್ತಿದ್ದಳು. ಮೊದಲನೆಯದರಲ್ಲಿ ಕೊಟ್ಟದ್ದು ಎರಡನೆಯದರಲ್ಲಿ ವಾಪಸ್ಸು.

ಉಳಿದದ್ದು ಮ್ಯಾಪಿನಲ್ಲಿ ಅಂಗಡಿಯ ಗುರುತು ಹಾಕುವುದು. ಅದನ್ನು ತಾನೇ ಮಾಡುತ್ತೇನೆಂದು ಚಿಕ್ಕಪ್ಪ ಹಟ ಹಿಡಿದ. ನೀಲಿ ಬಾಗಿಲಿನ ಕೋಣೆಯೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಫೋನ್ ಹಿಡಿದುಕೊಂಡು ಹೊರಗೆ ಬಂದು, ಎದುರುಮನೆಯ ಕಲ್ಲುಕಟ್ಟೆಯ ಮೇಲೆ ಕೂತ. ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ನೀವು ಈಗ ಅಂಗಡಿಯಲ್ಲಿದ್ದೀರಾ ಎಂದು ಫೋನು ಕೇಳಿತು. ಅಂಗಡಿ ಕಣ್ಣೆದುರಿಗೇ ಇತ್ತು. ಹೌದು ಎಂದು ಒತ್ತಿದ. ಹೀಗೆ ಚಿಕ್ಕಪ್ಪನ ಬ್ಯಾಗು ರಿಪೇರಿ ಅಂಗಡಿ ಇಡೀ ಪ್ರಪಂಚದ ಪಾಲಿಗೆ ಎದುರುಮನೆಯೊಳಗೆ ಸ್ಥಾಪನೆಯಾಯಿತು.

ಎದುರುಮನೆಯಲ್ಲಿ ಒಬ್ಬರೇ ಇದ್ದವರು ರಿಟೈರಾದ ಟೀಚರ್. ಗಲ್ಲಿಯವರೆಲ್ಲ ಅವರಿಗೆ ಹೆದರುತ್ತಿದ್ದರು, ನಾನೂ ಹೆದರುತ್ತಿದ್ದೆ. ಮೊದಲ ದಿನವೇ ಹರಿದ ಬ್ಯಾಗು ಹಿಡಿದ ಇಬ್ಬರು ಅವರ ಬಾಗಿಲು ಬಡಿದರು. ಮರುದಿನ ಇನ್ನೊಬ್ಬ, ಚಕ್ರವಿಲ್ಲದ ಸೂಟ್‌ಕೇಸನ್ನು ಕರಕರ ಎಳೆದುಕೊಂಡು. ಟೀಚರ್ ನಮ್ಮ ಬಳಿ ಬಂದು ಜಗಳವಾಡಲಿಲ್ಲ. ಮ್ಯಾಪಿನಲ್ಲಿ ಅಂಗಡಿಯ ಕೆಳಗೆ ಅಭಿಪ್ರಾಯ ಬರೆದರು. ಒಂದು ಸ್ಟಾರ್.

"ಈ ವಿಳಾಸದಲ್ಲಿ ಬ್ಯಾಗ್ ರಿಪೇರಿ ಅಂಗಡಿ ಇಲ್ಲ. ಇದು ನನ್ನ ಮನೆ. ನಿಜವಾದ ಅಂಗಡಿ ಎದುರಿಗಿದೆ. ಅಲ್ಲಿ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಸುತ್ತಿಗೆ ಬಡಿಯುತ್ತಾರೆ."

ಆಮೇಲೆ ನಾನು ಹುಡುಕಿ ನೋಡಿದೆ. ಟೀಚರ್ ಊರಿನ ಎಲ್ಲದಕ್ಕೂ ಸ್ಟಾರ್ ಕೊಟ್ಟಿದ್ದರು. ಪಾರ್ಕಿಗೆ ಎರಡು, ಬೆಂಚು ಒದ್ದೆ ಎಂದು. ಔಷಧಿ ಅಂಗಡಿಗೆ ಎರಡು, ಮಾತಾಡಿಸಿದರೆ ಮುಖ ನೋಡುವುದಿಲ್ಲ ಎಂದು. ನಮ್ಮ ಕ್ಲಿನಿಕ್ಕಿಗೂ ಎರಡು: ಟೋಕನ್ ಕೊಡುವ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಓದಿ ನನಗೆ ಎಲ್ಲಿಲ್ಲದ ಕೋಪ ಬಂತು.

"ಅವರ ಮೇಲೆ ಕಂಪ್ಲೇಂಟ್ ಕೊಡೋಣ. ಇರೋದೇ ಒಂದು ಅಭಿಪ್ರಾಯ, ಅದೂ ಒಂದು ಸ್ಟಾರು. ಯಾರು ಬರ್ತಾರೆ ಇನ್ನು?" ಎಂದೆ. ಚಿಕ್ಕಪ್ಪ ಫೋನ್ ಇಸಿದುಕೊಂಡ. ಮತ್ತೆ ಅದೇ ಟೀಚರ ಕಟ್ಟೆಯ ಮೇಲೆ ಕೂತು, ಒಂದೊಂದೇ ಅಕ್ಷರ ಹುಡುಕಿ, ಉತ್ತರ ಬರೆದ.

"ಟೀಚರ್, ತೊಂದರೆ ಆಗಿದ್ದಕ್ಕೆ ಕ್ಷಮಿಸಿ. ಗುರುತು ಬದಲಾಯಿಸಲು ಕೇಳಿಕೊಂಡಿದ್ದೇವೆ. ನಾಳೆಯಿಂದ ಮಧ್ಯಾಹ್ನ ಹೊಲಿಗೆ ಮಾತ್ರ, ಸುತ್ತಿಗೆ ಇಲ್ಲ. ಊಟ ಆಯ್ತಾ?"

"ಚಿಕ್ಕಪ್ಪ, ಅದರಲ್ಲಿ ಊಟ ಆಯ್ತಾ ಅಂತ ಬರೀಬಾರದು. ಎಲ್ಲರೂ ಓದ್ತಾರೆ."

"ಓದಲಿ. ಕೇಳಬಾರದ್ದೇನು ಕೇಳಿದೆ ನಾನು?"

ಮರುದಿನದಿಂದ ಸುತ್ತಿಗೆಯ ಕೆಲಸ, ರಿವೆಟ್ ಬಡಿಯುವುದು ಎಲ್ಲ ಬೆಳಿಗ್ಗೆಯೇ. ಮಧ್ಯಾಹ್ನ ದಬ್ಬಳದ ಕೆಲಸ. ಒಂದು ವಾರ ಕಳೆದು ಟೀಚರ್ ತಮ್ಮ ಅಭಿಪ್ರಾಯ ತಿದ್ದಿ ಎರಡು ಸ್ಟಾರ್ ಮಾಡಿದರು. "ಮಾತು ಉಳಿಸಿಕೊಂಡಿದ್ದಾರೆ. ವಿಳಾಸ ಇನ್ನೂ ತಪ್ಪು. ಊಟಕ್ಕೆ ಹೋಗುವಾಗ ಬಾಗಿಲಿಗೆ ಬೋರ್ಡ್ ಹಾಕುವುದಿಲ್ಲ. ಬಂದವರು ನನ್ನನ್ನು ಕೇಳುತ್ತಾರೆ." ಚಿಕ್ಕಪ್ಪ ರಟ್ಟಿನ ಮೇಲೆ ಬರೆದು ಬೋರ್ಡ್ ನೇತುಹಾಕಿ, "ಹಾಕಿದೆ ಟೀಚರ್, ನಿಮ್ಮ ಕಿಟಕಿಗೆ ಕಾಣುವ ಹಾಗೆ. ಊಟ ಆಯ್ತಾ?" ಎಂದು ಉತ್ತರಿಸಿದ. ಮೂರು ಸ್ಟಾರ್. "ಬಂದವರನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ. ನನ್ನ ಕಟ್ಟೆಯ ಮೇಲೆ ಕೂರಬಹುದು. ಸಿಪ್ಪೆ, ಕಾಗದ ಬಿಸಾಡಬಾರದು."

ಎದುರುಬದುರು ಮನೆ, ನಡುವೆ ಎರಡು ಹೆಜ್ಜೆಯ ಗಲ್ಲಿ. ಬಾಯಿಬಿಟ್ಟು ಒಂದು ಮಾತಿಲ್ಲ. ಮಾತುಕತೆಯೆಲ್ಲ ಮ್ಯಾಪಿನಲ್ಲಿ, ಊರು ನೋಡುವ ಹಾಗೆ. ಊಟ ಆಯ್ತಾ ಎಂಬುದಕ್ಕೆ ಮಾತ್ರ ಟೀಚರ್ ಒಮ್ಮೆಯೂ ಉತ್ತರ ಕೊಡಲಿಲ್ಲ.

ಇದು ಎಷ್ಟು ಹಬ್ಬಿದೆ ಅಂತ ನನಗೆ ಗೊತ್ತಾದದ್ದು ಕ್ಲಿನಿಕ್ಕಿನಲ್ಲಿ. ದವಡೆ ಊದಿದವರೊಬ್ಬರು ಕೆನ್ನೆ ಒತ್ತಿಹಿಡಿದುಕೊಂಡು ಫೋನು ನೋಡಿ ನಗುತ್ತಿದ್ದರು. ನಕ್ಕರೆ ನೋವು, ನಗದಿರಲು ಆಗದು. ಏನೆಂದು ಬಗ್ಗಿ ನೋಡಿದರೆ ನಮ್ಮ ಚಿಕ್ಕಪ್ಪ, ಟೀಚರ್. ಯಾರೋ ಆ ಮಾತುಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದರು. "ಈ ಅಂಗಡಿ ಎಲ್ಲಿದೆಯಮ್ಮಾ? ಮನೆಯಲ್ಲಿ ಒಂದು ಸೂಟ್‌ಕೇಸ್ ಬಿದ್ದಿದೆ" ಎಂದು ಅವರು ಊದಿದ ಬಾಯಲ್ಲೇ ಕೇಳಿದರು. ನಾನು ಮಾಡಿದ ವೆಬ್‌ಸೈಟು, ಇಕ್ಕಳದ ಫೋಟೋ ಎಲ್ಲ ನೀರಿನಲ್ಲಿ ಹೋಮ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ಜನ ಬರತೊಡಗಿದರು. ಮ್ಯಾಪು ಟೀಚರ ಬಾಗಿಲಿಗೆ ತಂದು ಬಿಡುತ್ತಿತ್ತು, ಟೀಚರ್ ಕಿಟಕಿಯಿಂದಲೇ ಬೆರಳು ತೋರಿಸುತ್ತಿದ್ದರು. ಕಟ್ಟೆಯ ಮೇಲೆ ಸಾಲು. ಚಿಕ್ಕಪ್ಪ ಇಕ್ಕಳ ಒರೆಸುವುದನ್ನು ಮರೆತ. ನಾಲ್ಕನೇ ಸ್ಟಾರೂ ಬಂತು: "ಯಾರ ಬ್ಯಾಗಿನಲ್ಲಿ ಏನು ಸಿಕ್ಕರೂ ಅವರ ಕೈಗೇ ಕೊಡುತ್ತಾರೆ. ಕಿಟಕಿಯಿಂದ ನೋಡಿದ್ದೇನೆ. ಐದನೆಯದು ನನ್ನ ಬ್ಯಾಗು ತೋರಿಸಿದ ಮೇಲೆ."

ಆದರೆ ಚಿಕ್ಕಮ್ಮ ಜಗ್ಗಲಿಲ್ಲ. ತಮಾಷೆ ನೋಡಲು ಬಂದ ಜನ, ಹದಿನೈದು ದಿನಕ್ಕೆ ಮರೆಯುತ್ತಾರೆ, ಷೋರೂಮಿನವರು ಮಾತ್ರ ಎರಡನೇ ಸಲ ಕರೆಯುವುದಿಲ್ಲ ಎಂದು ಅವಳ ವಾದ. ಸುಳ್ಳೂ ಅಲ್ಲ. ಚಿಕ್ಕಪ್ಪನೂ ಹೂಂ ಅನ್ನದೆ ಉಹೂಂ ಅನ್ನದೆ ದಿನ ದೂಡಿದ. ತಿಂಗಳು ಮುಗಿಯುತ್ತ ಬಂತು.

ಗಡುವಿನ ಹಿಂದಿನ ದಿನ ಟೀಚರ್ ಗಲ್ಲಿ ದಾಟಿ ಬಂದರು. ಕೈಯಲ್ಲೊಂದು ಚರ್ಮದ ಬ್ಯಾಗು. ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಮಕ್ಕಳ ಪುಸ್ತಕಗಳನ್ನು ಮನೆಗೆ ಹೊತ್ತು ತಂದ ಬ್ಯಾಗು. ಹಿಡಿ ಕಿತ್ತು ಎಷ್ಟೋ ಕಾಲವಾಗಿತ್ತು. ಕಟ್ಟೆಯ ಮೇಲೆ ಕೂತವರೆಲ್ಲ ಇವರೇ ಆ ಟೀಚರ್ ಎಂದು ಗುರುತು ಹಿಡಿದು ಕತ್ತು ಚಾಚಿದರು.

ಚಿಕ್ಕಪ್ಪ ಖಾನೆಗಳನ್ನು ಬೋರಲು ಹಾಕಿಸಿದ. ಒಂದು ಸೀಮೆಸುಣ್ಣದ ತುಂಡು ಬಿತ್ತು. ಅದನ್ನು ಟೀಚರ ಕೈಗೆ ಕೊಟ್ಟ. ಬ್ಯಾಗನ್ನು ತೊಡೆಯ ಮೇಲಿಟ್ಟು ಹಿಡಿ ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಚರ್ಮ ಪುಡಿಪುಡಿಯಾಗಿ ಉದುರಿತು. ಇನ್ನೊಂದು ಕಡೆ ಒತ್ತಿದ, ಅಲ್ಲೂ ಅದೇ. ನಾನು ಅವನ ಹಿಂದೆ ನಿಂತು ಮನಸ್ಸಿನಲ್ಲೇ ಬೇಡಿಕೊಂಡೆ: ಏನಾದರೂ ತೇಪೆ ಹಾಕಿ ಕೊಟ್ಟುಬಿಡು ಚಿಕ್ಕಪ್ಪ, ಇಷ್ಟು ಜನ ನೋಡುತ್ತಿದ್ದಾರೆ, ಇವರು ಮುನಿದರೆ ಮತ್ತೆ ಒಂದು ಸ್ಟಾರು, ಆಮೇಲೆ ನಿನಗೆ ಆ ಫ್ಯಾನಿನ ಕೆಳಗಿನ ಕುರ್ಚಿಯೇ ಗತಿ.

"ಟೀಚರ್, ಇದು ರಿಪೇರಿ ಆಗಲ್ಲ" ಎಂದ ಚಿಕ್ಕಪ್ಪ. "ಹಿಡಿ ಹೊಲಿದು ಕೊಡಬಹುದು. ಕೊಟ್ರೆ ನೀವು ನಂಬಿ ಹೊತ್ತುಕೊಂಡು ಹೋಗ್ತೀರ. ನಡುದಾರೀಲಿ ಹರಿದು ಬೀಳುತ್ತೆ."

ಟೀಚರ್ ಸೀಮೆಸುಣ್ಣದ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಷೋರೂಮಿನಲ್ಲೂ ಹೀಗೇ ಹೇಳಿದ್ರು. ಮುಟ್ಟಿ ನೋಡಲಿಲ್ಲ ಅವರು. ಹೊಸದು ತೋರಿಸಿದ್ರು."

"ನನ್ನ ಹತ್ರ ಹೊಸದಿಲ್ಲ ಟೀಚರ್."

ಹಾಗೆಂದವನು ಬ್ಯಾಗನ್ನು ವಾಪಸ್ ಕೊಡಲಿಲ್ಲ. ಬಟ್ಟೆಗೆ ಎಣ್ಣೆ ಹಚ್ಚಿಕೊಂಡು ಮೂಲೆಮೂಲೆ ಒರೆಸಿದ. ಹಿತ್ತಾಳೆಯ ಕೊಂಡಿ ತಿಕ್ಕಿದ. ಕುಸಿಯದಿರಲೆಂದು ಒಳಗೆ ಕಾಗದ ಉಂಡೆಮಾಡಿ ತುಂಬಿದ. ಸಾಲಿನಲ್ಲಿದ್ದವರು ಯಾರೂ ಬೇಗ ಬೇಗ ಅನ್ನಲಿಲ್ಲ. "ಕುರ್ಚಿ ಮೇಲೆ ಕೂರಿಸಿ. ನೇತು ಹಾಕ್ಬೇಡಿ" ಎಂದು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಟೀಚರ್ ಎರಡೂ ಕೈಯಲ್ಲಿ ತೆಗೆದುಕೊಂಡು ಗಲ್ಲಿ ದಾಟಿ ಬಾಗಿಲು ಹಾಕಿಕೊಂಡರು.

ಮರುದಿನ ಮಧ್ಯಾಹ್ನ, ಚಿಕ್ಕಮ್ಮ ಊಟದ ಡಬ್ಬಿ ತಂದು, ಷೋರೂಮಿಗೆ ಫೋನ್ ಮಾಡಿ ಎಂದು ಪೀಡಿಸುತ್ತಿದ್ದಾಗ, ಹೊಸ್ತಿಲಾಚೆ ಗಲ್ಲಿಯಲ್ಲಿ ನಿಂತಿದ್ದ ನನ್ನ ಫೋನಿಗೆ ಟೀಚರ ಅಭಿಪ್ರಾಯ ಬಂದದ್ದು ಕಾಣಿಸಿತು. ನಾನು ಜೋರಾಗಿ ಓದಿದೆ.

"ನನ್ನ ಬ್ಯಾಗು ರಿಪೇರಿ ಆಗಲಿಲ್ಲ. ಆಗುವುದಿಲ್ಲ ಎಂದು ಹೇಳಿದ ಮೇಲೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದರು. ಇವರು ಆಗುತ್ತದೆ ಎಂದರೆ ಆಗುತ್ತದೆ. ಐದು ಸ್ಟಾರ್. ವಿಳಾಸ ತಪ್ಪಾಗಿದೆ, ಹಾಗೇ ಇರಲಿ. ನನ್ನ ಮನೆಗೆ ಬನ್ನಿ, ತೋರಿಸುತ್ತೇನೆ."

ಚಿಕ್ಕಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿ, "ಫೋನ್ ಮಾಡಿ ಅಂದಿದ್ದು, ಹೂಂ ಅನ್ನಿ ಅಂತ ಎಲ್ಲಿ ಹೇಳಿದೆ ನಾನು?" ಎಂದಳು.

ಚಿಕ್ಕಪ್ಪ ತಲೆ ತಗ್ಗಿಸಿ ಎದ್ದು, ಸಿಗ್ನಲ್ ಸಿಗುವ ಕಟ್ಟೆಗೆ ಹೋಗಿ ಕೂತು, ಷೋರೂಮಿಗೆ ಫೋನ್ ಹಚ್ಚಿದ. "ನಾನು ಬರೋದಿಲ್ಲ ಸ್ವಾಮಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇಲ್ಲಿ ಕೆಲಸ ಜಾಸ್ತಿ ಇದೆ." ಫೋನನ್ನು ಜೇಬಿಗಿಟ್ಟುಕೊಂಡ.

ಅವನ ತಲೆಯ ಮೇಲಿನ ಕಿಟಕಿಯ ಪರದೆ ಸರಿಯಿತು.

"ನಂದು ಊಟ ಆಯ್ತು" ಎಂದರು ಟೀಚರ್. "ನಿಮ್ದು?"