ಹೆರದವಳ ಬಾಣಂತನ

ದತ್ತು ಪಡೆದ ಹಸುಗೂಸನ್ನು ಬೂದಿಗೆರೆಯ ಮನೆಗೆ ತಂದ ದಿನವೇ ಪ್ರಮೋದಾ ಬಾಣಂತಿಯರಂತೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಬಾಟಲಿ ಹಾಲಿನಲ್ಲಿ ಸಾಕಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಹೆರದವಳು ಎದೆಹಾಲನ್ನೇ ಕೊಡುತ್ತೇನೆಂದು ಹಟ ಹಿಡಿದದ್ದು ಊರಿನ ನಗೆಗೆ ಈಡಾಯಿತು. ಅತ್ತೆ ಮುತ್ಯಾಲಮ್ಮ ಬೀದಿಗೆ ಮುಖ ತೋರಿಸುವುದನ್ನೇ ಬಿಟ್ಟಳು.

"ಹೆರದವಳಿಗೆ ಎಂಥ ಬಾಣಂತನ ಕಣಮ್ಮ?" ಎಂದು ಪಕ್ಕದ ಮನೆಯ ಶಾಮಲಾ ಬಾಗಿಲಲ್ಲೇ ನಿಂತು ಕೇಳಿದಳು.

"ಹೆತ್ತವಳಿಗೆ ಮಾಡೋದೇ. ನಿಂತು ನೋಡ್ತೀಯೋ, ಸಬ್ಬಸಿಗೆ ಸೊಪ್ಪು ಬಿಡಿಸಿಕೊಡ್ತೀಯೋ?" ಎಂದಳು ಪ್ರಮೋದಾ.

ಪ್ರಮೋದಾಳದು ಕುರುಡು ಹಟವಲ್ಲ. ಹೊಸಕೋಟೆಯ ಡಾಕ್ಟರ್ ಅಕ್ಷತ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಹಾಲು ಮಾಡಬಲ್ಲ ಜೀವಕೋಶಗಳು ಹೆರದವಳ ಎದೆಯಲ್ಲೂ ಇರುತ್ತವೆ, ಕೆಲಸ ಹಿಡಿದಿರುವುದಿಲ್ಲ, ಅಷ್ಟೆ. ಬಸಿರಿನಲ್ಲಿ ಎದೆ ತಾನಾಗಿ ಮಾಡಿಕೊಳ್ಳುವ ಸಿದ್ಧತೆಯನ್ನು ತಿಂಗಳುಗಟ್ಟಲೆ ಮಾತ್ರೆಗಳಿಂದ ಮಾಡಿಸಿದ್ದಾಯಿತು. ಮುಂದಿನದು ಕೂಸಿನ ಕೈಯಲ್ಲಿ. ಕೂಸು ಚೀಪಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಮಿದುಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಜೀವಕೋಶದ ಹೊರಮೈಯಲ್ಲಿ ತನಗೆಂದೇ ಇರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆಗ ಒಳಗಿನ ಪ್ರೋಟೀನುಗಳು ಆ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿ ಕೋಶದ ನಡುವಿಗೆ ಒಯ್ಯುತ್ತವೆ. ಅಲ್ಲಿ ಹಾಲಿನ ಜೀನುಗಳು ಎಚ್ಚರಗೊಂಡು, ಸುಮ್ಮನಿದ್ದ ಕೋಶ ಹಾಲಿನ ಕೋಶವಾಗುತ್ತದೆ. ಎಷ್ಟು ಬಂದೀತೆಂದು ಮಾತ್ರ ಡಾಕ್ಟರ್ ಮಾತು ಕೊಟ್ಟಿರಲಿಲ್ಲ.

ಕೂಸು ಬರಿದೆ ಎಷ್ಟು ಹೊತ್ತು ಚೀಪೀತು? ಅದಕ್ಕೇ ಪ್ರಮೋದಾಳ ಕೊರಳಲ್ಲಿ ಪುಡಿಹಾಲಿನ ಪುಟ್ಟ ಬಾಟಲಿ ತೂಗುತ್ತಿತ್ತು. ಕೂಸು ಎದೆ ಚೀಪಿದರೆ ಪುಡಿಹಾಲು ಬಾಯಿಗೆ ಬರುವಂತೆ, ಅದರಿಂದ ಇಳಿದ ಸಣ್ಣ ಟ್ಯೂಬಿನ ತುದಿ ಮೊಲೆತೊಟ್ಟಿಗೆ ಅಂಟಿತ್ತು. ವಾರಗಳು ಕಳೆದವು. ಅವಳದೆನ್ನುವ ಒಂದು ಹನಿಯೂ ಕಾಣಲಿಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಹೆಂಗಸರು ನೆರೆಯುವ ಮೊದಲು ಆ ಟ್ಯೂಬನ್ನು ಬಿಸಾಡಬೇಕು, ಇಲ್ಲವೇ ಕೋಣೆಯೊಳಗೆ ಕೂರಬೇಕು ಎಂದು ಮುತ್ಯಾಲಮ್ಮ ಕಡ್ಡಿ ಮುರಿದಂತೆ ಹೇಳಿದಳು. ಹೆಂಗಸರೆಲ್ಲ ನೆರೆದಾಗ ಪ್ರಮೋದಾ ನಡುಮನೆಯಲ್ಲೇ ಚಾಪೆ ಹಾಸಿ, ಸೆರಗಿನ ಮರೆಯಲ್ಲಿ ಕೂಸನ್ನು ಎದೆಗಿಟ್ಟುಕೊಂಡಳು. ಶಾಮಲಾ ಕಿಸಕ್ಕೆಂದಳು. ಅತ್ತೆಗೆ ತಡೆಯಲಾಗಲಿಲ್ಲ, ಮುಂದೆ ಬಂದವಳೇ ಟ್ಯೂಬನ್ನು ಕಿತ್ತೆಳೆದಳು.

ಕೂಸು ಅಳಲಿಲ್ಲ. ಗುಟುಕರಿಸುತ್ತಲೇ ಇತ್ತು. ಅದರ ಕಟಬಾಯಿಯಲ್ಲಿ ಪುಡಿಹಾಲಿನದಲ್ಲದ, ನೀಲಿ ಬೆರೆತ ತೆಳು ಹಾಲು ಜಿನುಗಿತು.

ಸ್ವಲ್ಪ ಹೊತ್ತಿಗೆ ಕೂಸು ಕೊಸರಿತು.

"ಇಷ್ಟೇ ಬಂದಿರೋದು. ಹೊಟ್ಟೆ ತುಂಬಲ್ಲ," ಎಂದು ಪ್ರಮೋದಾ ಕೈ ಚಾಚಿದಳು. "ಟ್ಯೂಬು ಕೊಡಿ ಅತ್ತೆ."

ಮುತ್ಯಾಲಮ್ಮ ಅದನ್ನು ಬಿಸಿನೀರಿನಲ್ಲಿ ತೊಳೆದು ತಂದು, ಬಾಟಲಿಯನ್ನು ತಾನೇ ಎತ್ತಿ ಹಿಡಿದುಕೊಂಡಳು. ಶಾಮಲಾ ಸದ್ದಿಲ್ಲದೆ ಸಬ್ಬಸಿಗೆ ಕಟ್ಟಿನ ಮುಂದೆ ಕುಳಿತಳು.

"ಎಳೇದು ಮಾತ್ರ ಬಿಡಿಸು," ಎಂದಳು ಪ್ರಮೋದಾ, ತಲೆಯ ಬಟ್ಟೆಯನ್ನು ಇನ್ನೊಮ್ಮೆ ಬಿಗಿದುಕೊಳ್ಳುತ್ತ.