ಕ್ಲಚ್ಚಮ್ಮನ ಬದಿಯ ಬ್ರೇಕು

ಜನ ಆಕೆಗೆ ಕ್ಲಚ್ಚಮ್ಮ ಎಂದು ಹೆಸರಿಟ್ಟದ್ದು ಪ್ರೀತಿಯಿಂದಲೋ ಸಿಟ್ಟಿನಿಂದಲೋ ಹೇಳುವುದು ಕಷ್ಟ. ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ ಆಕೆಯ ಪಕ್ಕ ಕೂತು ಕಲಿಯದವರು ಆ ಬಡಾವಣೆಯಲ್ಲಿ ಕಡಿಮೆ. ಬ್ಯಾಂಕಿನ ಮ್ಯಾನೇಜರಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ "ಕ್ಲಚ್ಚು! ಕ್ಲಚ್ಚು ನಿಧಾನ ಬಿಡಿ!" ಎಂದು ಬೈಸಿಕೊಂಡೇ ಲೈಸೆನ್ಸು ಪಡೆದವರು. ಆ ಕಾರಿನಲ್ಲಿ ಆಕೆಯ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಯುವವರು ಎಡವಟ್ಟು ಮಾಡಿಕೊಂಡರೆ ಆಕೆ ಒತ್ತುತ್ತಿದ್ದಳು. ತಾವೇ ಸೊಗಸಾಗಿ ನಿಲ್ಲಿಸಿದೆವೆಂದು ಹಿಗ್ಗಿದವರು ಎಷ್ಟೋ ಜನ. ಆಗೆಲ್ಲ ಆಕೆ ಕಿಟಕಿಯಾಚೆ ನೋಡುತ್ತಿದ್ದಳು.

ಲೈಸೆನ್ಸು ಕೈಗೆ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಯಾವ ಕಾರು ತಗೊಳ್ಳಲಿ?

"ದಿನಾ ಎಷ್ಟು ದೂರ ಹೋಗ್ತೀರಿ, ಮೊದಲು ಅದು ಹೇಳಿ," ಎನ್ನುತ್ತಿದ್ದಳು. "ಹೆದ್ದಾರಿ ಮೇಲೆ ಓಡೋರಿಗೆ ಡೀಸೆಲ್ಲು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳೋರಿಗೆ ಹೈಬ್ರಿಡ್ಡು, ಪೆಟ್ರೋಲಿನ ಜೊತೆ ಬ್ಯಾಟರೀಲೂ ಓಡುತ್ತೆ, ಬ್ರೇಕ್ ಹಾಕಿದಾಗಲೆಲ್ಲ ಬ್ಯಾಟರಿ ತುಂಬ್ಕೊಳ್ಳುತ್ತೆ, ಆದ್ರೆ ಬೆಲೆ ಜಾಸ್ತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ತೀನಿ ಅನ್ನೋದಾದ್ರೆ ಗೇರಿನ ಪೆಟ್ರೋಲ್ ಗಾಡಿ, ಯಾವ ಗಲ್ಲಿಯ ಗ್ಯಾರೇಜಲ್ಲೂ ರಿಪೇರಿ ಆಗುತ್ತೆ." ಇಷ್ಟು ನ್ಯಾಯವಾಗಿ ಹೇಳಿ ಕೊನೆಗೊಂದು ಒಗ್ಗರಣೆ ಹಾಕದಿದ್ದರೆ ಆಕೆಗೆ ಸಮಾಧಾನವಿಲ್ಲ: "ನನ್ನ ಕೇಳಿದ್ರೆ, ಕ್ಲಚ್ಚಿಲ್ಲದ್ದು ಕಾರೇ ಅಲ್ಲ ಬಿಡಿ. ಆಟದ ಸಾಮಾನು."

ಆಕೆಯ ಗಂಡನದು ಗೇರಿನ ಡೀಸೆಲ್ ಕಾರು. ಔಷಧಿ ಮಾರಾಟದ ಕೆಲಸ, ದಿನ ಬೆಳಗಾದರೆ ಊರೂರು ಸುತ್ತಾಟ. ಮನೆಯಲ್ಲಿ ಆತನದು ಹೂಂ, ಉಹೂಂ ಅಷ್ಟೇ. ಸ್ಟಿಯರಿಂಗ್ ಹಿಡಿದರೆ ಮಾತ್ರ ಬಾಯಿ ಬಿಚ್ಚುತ್ತಿದ್ದ. ಯಾವ ಅಂಗಡಿಯವನು ಏನೆಂದ, ಯಾವ ತಿರುವಿನಲ್ಲಿ ಏನು ಕಂಡ, ಎಲ್ಲ ಹೊರಬರುತ್ತಿತ್ತು. ಆಕೆ ಗಂಡನನ್ನು ಅರಿತದ್ದೆಲ್ಲ ಕಾರಿನಲ್ಲೇ ಎಂದರೆ ತಪ್ಪಲ್ಲ.

ಕಳೆದ ವರ್ಷ ಆತನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ಕೈ ಮರಳಿತು, ಎಡಗಾಲು ಮಾತ್ರ ಪೂರ್ತಿ ಮರಳಲಿಲ್ಲ. ಡಾಕ್ಟರು ಕಣ್ಣು, ಕೈ, ಚುರುಕು ಎಲ್ಲ ಪರೀಕ್ಷಿಸಿ, "ಕಾರು ಓಡಿಸಬಹುದು, ಆದ್ರೆ ಆ ಕಾಲನ್ನ ನಂಬಬೇಡಿ," ಎಂದರು. ಆತನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಇನ್ನೊಮ್ಮೆ ತಾನೇ ಓಡಿಸಬೇಕು, ಅದೊಂದೇ ಆಸೆ. ಕೀಲಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ ಗಂಡನನ್ನು ನೋಡಿ ಆಕೆಗೆ ಕರುಳು ಚುರುಕ್ಕೆನ್ನುತ್ತಿತ್ತು.

ಆ ಕನಿಕರದಲ್ಲೇ ಆಕೆ ಎಡವಿದ್ದು. ರಜೆಯ ದಿನ ಶಾಲೆಯ ಬಿಳಿ ಕಾರಿನಲ್ಲಿ ಗಂಡನನ್ನು ಖಾಲಿ ಮೈದಾನಕ್ಕೆ ಕರೆದೊಯ್ದಳು. ಆತ ಗೇರಿಗೆ ಕೈ ಹಾಕಿದಾಗಲೆಲ್ಲ ಈಕೆ ತನ್ನ ಬದಿಯ ಕ್ಲಚ್ಚು ಒತ್ತಿದಳು. ಕಾರು ನೀರಿನ ಹಾಗೆ ಹರಿಯಿತು.

"ನೋಡಿದ್ಯಾ? ಕಾಲು ಮರೆತಿಲ್ಲ ಕಣೇ!" ಎಂದ ಆತ. ಔಷಧಿ ಅಂಗಡಿಯ ಹಳೆಯ ಕಥೆಯೊಂದನ್ನೂ ಶುರುಮಾಡಿದ. ಮೂರನೆಯ ಸುತ್ತಿನಲ್ಲಿ ಗೇರು ಬದಲಿಸುತ್ತ ಯಾಕೋ ಕೆಳಗೆ ನೋಡಿದ. ಎಡಪಾದ ಯಾವಾಗಲೋ ಜಾರಿ ಬದಿಗೆ ಬಿದ್ದಿತ್ತು. ಅದರ ಪಕ್ಕದಲ್ಲಿ ಕ್ಲಚ್ಚು ತನ್ನಷ್ಟಕ್ಕೆ ತಾನೇ ಕೆಳಗಿಳಿಯುತ್ತಿತ್ತು.

ಆತ ಕಾರು ನಿಲ್ಲಿಸಿದ. "ಇಷ್ಟೊತ್ತು ಓಡಿಸಿದ್ದು ಯಾರೇ?"

"ಅಯ್ಯೋ, ಸ್ವಲ್ಪ ಸಹಾಯ ಅಂತ..."

"ಮೂವತ್ತು ವರ್ಷ ಸಂಸಾರ ಮಾಡಿದೀನಿ. ಪಾಠಕ್ಕೆ ಬಂದೋನಲ್ಲ ನಾನು."

ಮನೆಗೆ ಬಂದವನೇ ಡೀಸೆಲ್ ಕಾರಿನ ಕೀಲಿಯನ್ನು ಆಕೆಯ ಮುಂದಿಟ್ಟು, "ಮಾರಿಬಿಡು," ಎಂದ. ಮತ್ತೆ ಕಾರಿನ ಸುದ್ದಿ ಎತ್ತಲಿಲ್ಲ. ಬೇರೆ ಸುದ್ದಿಯನ್ನೂ ಎತ್ತಲಿಲ್ಲ.

ಆಕೆ ಗ್ಯಾರೇಜು ನಡೆಸುವ ತಮ್ಮನ ಬಳಿ ಹೋದಳು. "ಭಾವನ ಡೀಸೆಲ್ಲು ಮಾರ್ಬೇಡ ಅಕ್ಕಾ, ಎಂಜಿನ್ನು ಕಲ್ಲುಗುಂಡು," ಎಂದ ಅವನು.

"ಮಾರ್ಕೆಟ್ಟಿಗೆ, ಆಸ್ಪತ್ರೆಗೆ ಅಂತ ನಮ್ಮ ಓಡಾಟ ಇರೋದೇ ಅಂಗೈಯಷ್ಟು. ಡೀಸೆಲ್ಲು ದೂರ ಓಡದಿದ್ರೆ ಹೊಗೆ ಫಿಲ್ಟರು ಮಸಿ ಕಟ್ಟುತ್ತೆ ಅಂದೋನು ನೀನೇ ಅಲ್ವೇನೋ?"

"ಹಾಗಾದ್ರೆ ಹೈಬ್ರಿಡ್ ತಗೋ. ಕ್ಲಚ್ಚೇ ಇಲ್ಲ, ಭಾವಂಗೆ ಬಲಗಾಲೊಂದು ಸಾಕು." ತಮ್ಮ ನಕ್ಕ. "ನಿನ್ನ ಆಟದ ಸಾಮಾನು! ಬೇಕಾದ್ರೆ ನಿನ್ನ ಬದಿಗೆ ಒಂದು ಬ್ರೇಕ್ ಕೂರಿಸೋಕಾಗುತ್ತಾ ಅಂತ ವಿಚಾರಿಸ್ತೀನಿ. ಭಾವಂಗೆ ಹೇಳೋದೇ ಬೇಡ."

ಬೇಡ ಎನ್ನಬೇಕಿತ್ತು. ಆಕೆಯ ಬಾಯಲ್ಲಿ ಬಂದದ್ದು, "ನೋಡೋಣ."

ಹೈಬ್ರಿಡ್ ನೋಡಲು ಶೋರೂಮಿಗೆ ಹೊರಡೋಣವೆಂದರೆ ಗಂಡ ಮೊದಲು ಒಪ್ಪಲಿಲ್ಲ. "ಮತ್ತೆ ಪಾಠಕ್ಕಾ?"

"ಈ ಸಲ ನನ್ನ ಬದಿ ಏನೂ ಇರಲ್ಲ ರೀ. ನೀವೇ ಬಂದು ನೋಡಿ."

ಶೋರೂಮಿಗೆ ಬಂದು ಆತ ನಿಜಕ್ಕೂ ನೋಡಿದ. ಕಾರಿನ ಬಾಗಿಲು ತೆಗೆದು, ಆಕೆ ಕೂರುವ ಕಡೆಯ ನೆಲವನ್ನು ಊರುಗೋಲಿನಿಂದ ಮೂಲೆಮೂಲೆಯೂ ತಡವಿದ. ಆಮೇಲೆ ಸ್ಟಿಯರಿಂಗ್ ಮುಂದೆ ಕೂತ. ಓಡಿಸಿ ನೋಡಲು ಕಾರು ಕೊಟ್ಟ ಶೋರೂಮಿನಾಕೆ ಹಿಂದಿನ ಸೀಟಿಗೆ ಸರಿದಳು.

"ಸ್ಟಾರ್ಟ್ ಆಗ್ತಾನೇ ಇಲ್ವಲ್ಲ," ಎಂದ.

"ಆಗಿದೆ ಸರ್. ಇದು ಸದ್ದು ಮಾಡಲ್ಲ," ಎಂದಳು ಶೋರೂಮಿನಾಕೆ.

ಕಾರು ಹೊರಟಿತು. ಬಲಗಾಲು ಎರಡೇ ಪೆಡಲುಗಳ ನಡುವೆ ಓಡಾಡುತ್ತಿತ್ತು, ಎಡಗಾಲು ತನ್ನ ಪಾಡಿಗೆ ಮಲಗಿತ್ತು. ಪಕ್ಕದಲ್ಲಿ ಕೂತ ಕ್ಲಚ್ಚಮ್ಮನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ಮಾರ್ಕೆಟ್ಟಿನ ಬಳಿ ಲಾರಿಯೊಂದು ದಿಢೀರನೆ ರಿವರ್ಸ್ ಬಂತು. ಆಕೆಯ ಪಾದ ಧಡಾರನೆ ನೆಲಕ್ಕೆ ಬಡಿಯಿತು. ಕೆಳಗೇನಿದೆ? ಬರೀ ಮ್ಯಾಟು. ಕಾರು ಲಾರಿಯಿಂದ ಒಂದು ಮಾರು ದೂರದಲ್ಲಿ, ಕುಲುಕದೆ ನಿಂತಿತ್ತು.

ಗಂಡ ಆಕೆಯ ಕಡೆ ತಿರುಗಿದ. "ಒತ್ತಿದ್ಯಲ್ಲ?"

"ಒತ್ತಿದೆ."

"ಸಿಕ್ತಾ ಏನಾದ್ರೂ?"

"ಏನೂ ಇಲ್ಲ."

"ಆದ್ರೂ ನಿಂತಿತಲ್ಲ," ಎಂದು ಆತ ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಆಕೆಯ ಕಣ್ಣು ತುಂಬಿತು, ಮರೆಮಾಚಲೂ ಹೋಗಲಿಲ್ಲ. ಲಾರಿ ದಾರಿ ಬಿಟ್ಟಿತು. ಮುಂದಿನ ಸಿಗ್ನಲ್ಲಿನಲ್ಲಿ, ಯಾರೂ ಕೇಳದೆ, ಆತ ಮೈದಾನದಲ್ಲಿ ಅರ್ಧಕ್ಕೆ ಬಿಟ್ಟಿದ್ದ ಔಷಧಿ ಅಂಗಡಿಯ ಕಥೆ ಎತ್ತಿಕೊಂಡ.

ಅಷ್ಟರಲ್ಲಿ ತಮ್ಮನ ಫೋನು. "ಅಕ್ಕಾ, ಆ ಬ್ರೇಕಿನ ವಿಚಾರ..."

"ಬೇಡ ಕಣೋ," ಎಂದು ಕ್ಲಚ್ಚಮ್ಮ ಫೋನಿಟ್ಟಳು. ಎರಡೂ ಪಾದಗಳನ್ನು ಹಿಂದಕ್ಕೆಳೆದು ಸೀಟಿನಡಿಗೆ ಸೇರಿಸಿಕೊಂಡಳು.

"ಹೂಂ, ಹೇಳಿ. ಆಮೇಲೆ ಅಂಗಡಿಯವನು ಏನಂದ?"