ನೀಲವ್ವನ ಶ್ರವಣಯಂತ್ರ, ನನ್ನ ಹೊಸ ಲ್ಯಾಪ್‌ಟಾಪ್

ಗೆಳೆಯರೇ, ಇವತ್ತು ಮಧ್ಯಾಹ್ನ ಕುಂದಗೋಳದ ನನ್ನ ಅಂಗಡಿಯಲ್ಲಿ ಒಬ್ಬ ಅಜ್ಜಿಯ ಶ್ರವಣಯಂತ್ರವನ್ನು ಕೆಡಿಸಿಯೇಬಿಟ್ಟೆ ಎಂದು ಒಂದು ತಾಸು ನಡುಗಿದೆ.

ಇಂಥ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಿ ಧ್ವನಿ ಹೊಂದಿಸಿಕೊಡುವುದು ನನ್ನ ಕೆಲಸ. ಕುಬಿಹಾಳದ ನೀಲವ್ವನ ಯಂತ್ರ ಹಳೆಯದು, ಅದರ ಸಾಫ್ಟ್‌ವೇರೂ ಹಳೆಯದು. ನನ್ನ ಲ್ಯಾಪ್‌ಟಾಪ್ ಮಾತ್ರ ಹೋದ ವಾರ ಕೊಂಡದ್ದು.

"ಮೊಮ್ಮಗಳು ಹೊಲಕ್ಕ ಹೋದ್ರ ಕೂಸಿನ ಬಾಜು ನಾನೊಬ್ಬಾಕಿನ ಇರತೇನಿ. ಅದು ಅತ್ರ ಬರೋಬ್ಬರಿ ಕೇಳಸವಲ್ದು. ಸ್ವಲ್ಪ ಜೋರ ಮಾಡಿ ಕೊಡವಾ" ಎಂದರು ಅಜ್ಜಿ.

ಅರ್ಧ ಕೆಲಸ ಆಗುವಷ್ಟರಲ್ಲಿ ಸಾಫ್ಟ್‌ವೇರ್ ತಾನಾಗಿಯೇ ಮುಚ್ಚಿಕೊಂಡಿತು. ಅವರ ಕಿವಿಯಲ್ಲಿದ್ದ ಯಂತ್ರ ಪೂರ್ತಿ ಮೂಕವಾಯಿತು. ಮತ್ತೆ ತೆರೆಯಹೋದರೆ, ಈ ಕಂಪ್ಯೂಟರಿನಲ್ಲಿ ಇದು ನಡೆಯುವುದಿಲ್ಲ ಎಂಬ ಸಂದೇಶ. ಹಳೆಯ ಲ್ಯಾಪ್‌ಟಾಪನ್ನು ಹೊಸದು ಕೊಂಡ ಅಂಗಡಿಯವನಿಗೆ ಆಗಲೇ ಕೊಟ್ಟುಬಿಟ್ಟಿದ್ದೆ.

"ಏನಾತವಾ? ಏನೂ ಕೇಳವಲ್ದು!" ಎಂದು ನೀಲವ್ವ ಕೂಗಿದರು. ತಡೀರಿ ಎಂದು ಕೈಸನ್ನೆ ಮಾಡಿದೆ. ತೊಟ್ಟಿಲಲ್ಲಿ ಅಳುವ ಕೂಸೇ ಕಣ್ಣ ಮುಂದೆ ಬರುತ್ತಿತ್ತು.

ಹುಡುಕಿ ಹುಡುಕಿ, ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯುತ್ತಿದ್ದಂತೆಯೇ ಸಾಫ್ಟ್‌ವೇರನ್ನು ನಡೆಸುವ ಆಯ್ಕೆಯೊಂದು ಸಿಕ್ಕಿತು. ಮೂರನೇ ಸಲಕ್ಕೆ ತೆರೆಯಿತು. ಧ್ವನಿ ಹೊಂದಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ.

"ಕೇಳಸ್ತೇನ್ರಿ, ಆಯಿ?"

"ಹೂಂ, ಅಗದಿ ಚಲೋ ಕೇಳಸ್ತೈತಿ. ಅಷ್ಟೊತ್ತಿನಿಂದ ಯಾರಿಗೆ ಬಯ್ಯಾಕತ್ತಿದ್ದಿ? ಬಾಯಿ ಅಲಗ್ಯಾಡೂದು ಕಾಣತಿತ್ತು."

"ಈ ಕಂಪ್ಯೂಟರಿಗ್ರಿ."

ನೀಲವ್ವ ಅದನ್ನೊಮ್ಮೆ ನೋಡಿದರು. "ಅದಕ್ಕರೆ ಕೇಳಸ್ತೈತೇನ?"